ಡ್ಯಾನ್ಯೂಬ್ ದಡದಲ್ಲಿ ಅಪ್ಪ ಅಮ್ಮನ ಜೊತೆ ಸೈಕಲ್: ಎಷ್ಟು ದೂರ, ಯಾವ ದಡ?

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ. ಜೂನ್‌ನಲ್ಲಿ ಹರಿಹರದಿಂದ ಅಪ್ಪ (67), ಅಮ್ಮ (62) ಬರುತ್ತಿದ್ದಾರೆ. ಅಪ್ಪ ನಿವೃತ್ತ ಗಣಿತ ಮೇಷ್ಟ್ರು, ಇಡೀ ಸರ್ವೀಸು ಸೈಕಲ್‌ನಲ್ಲೇ ಶಾಲೆಗೆ ಹೋಗಿ ಬಂದವರು. ಅಮ್ಮ ಸೈಕಲ್ ಹೊಡೆದದ್ದು ಮದುವೆಗೆ ಮುಂಚೆ. ಈಗ ಮಂಡಿ ನೋವೂ ಇದೆ. ಮಗಳಿಗೆ 8 ವರ್ಷ. ನಾವಿಬ್ಬರೂ ಸೇರಿ ಒಟ್ಟು ಐದು ಜನ. ವಾಹನ ಇಲ್ಲದ, ಏರು ಇಲ್ಲದ, ನೋಡಲು ಹಳೇ ಊರುಗಳಿರುವ ದಾರಿ ಬೇಕು. ಎಲ್ಲರೂ ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗಿನ ಡ್ಯಾನ್ಯೂಬ್ ದಾರಿ ಹೇಳುತ್ತಾರೆ. 7 ದಿನದಲ್ಲಿ 320 ಕಿ.ಮೀ. ನಮ್ಮಿಂದ ಆಗುತ್ತಾ? ಅಲ್ಲಿ ನಿಜವಾಗಿಯೂ ಕಾರುಗಳು ಇರಲ್ವಾ?

ಉತ್ತರ:

ನಮಸ್ಕಾರ. ದಾರಿ ಸರಿಯಾಗಿಯೇ ಆರಿಸಿದ್ದೀರಿ. ದೂರ ಮಾತ್ರ ತಪ್ಪಾಗಿದೆ. 320 ಕಿ.ಮೀ. ಬೇಡ. ಸುಮಾರು 120 ಕಿ.ಮೀ. ಸಾಕು, ಅದನ್ನೂ ಎರಡು ತುಂಡು ಮಾಡಿ, ನಡುವಿನ ಭಾಗವನ್ನು ರೈಲಿನಲ್ಲಿ ದಾಟಿ. ಈ ದಾರಿಯಲ್ಲಿ ಸೈಕಲ್ ಇಳಿದು ನಿಂತ ಹೊತ್ತೇ ಮನಸ್ಸಿನಲ್ಲಿ ಉಳಿಯುವುದು. ದಿನಕ್ಕೆ 50 ಕಿ.ಮೀ. ಲೆಕ್ಕ ಇಟ್ಟುಕೊಂಡರೆ ಇಳಿಯಲು ಹೊತ್ತೇ ಸಿಗುವುದಿಲ್ಲ.

ನಾನು ಈ ದಡದಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಊರಿನಿಂದ ಬಂದವರನ್ನು ಕರೆದುಕೊಂಡು ಓಡಾಡಿದ್ದೇನೆ. ಅವರಲ್ಲಿ ವಯಸ್ಸಾದವರೇ ಜಾಸ್ತಿ. ದಾರಿ ಕಷ್ಟವಾಯಿತು ಎಂದು ಯಾರೂ ಹೇಳಲಿಲ್ಲ. ‘ಇನ್ನೊಂದು ಗಂಟೆ ಅಲ್ಲೇ ಕೂರಬಹುದಿತ್ತು’ ಎಂದವರು ಬಹಳ ಜನ.

ಮೊದಲು ಏರಿನ ವಿಷಯ. ಪಾಸಾವ್ ಹತ್ತಿರ ನದಿ ಸಮುದ್ರಮಟ್ಟದಿಂದ ಸುಮಾರು 290 ಮೀಟರ್ ಎತ್ತರದಲ್ಲಿದೆ, ವಿಯೆನ್ನಾದಲ್ಲಿ ಸುಮಾರು 160. ಅಂದರೆ 300 ಚಿಲ್ಲರೆ ಕಿಲೋಮೀಟರಿಗೆ ಬರೀ 130 ಮೀಟರ್ ಇಳಿತ. ಮೇಷ್ಟ್ರಿಗೆ ಈ ಲೆಕ್ಕ ಕೊಡಿ, ಕಿಲೋಮೀಟರಿಗೆ ಅರ್ಧ ಮೀಟರೂ ಬರುವುದಿಲ್ಲ ಎಂದು ಅವರೇ ಹೇಳುತ್ತಾರೆ. ಕಾಲಿಗೆ ಆ ಇಳಿತ ಗೊತ್ತೇ ಆಗುವುದಿಲ್ಲ. ಗಾಳಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಅದಕ್ಕೇ ಎಲ್ಲರೂ ಪಶ್ಚಿಮದಿಂದ ಪೂರ್ವಕ್ಕೆ, ನೀರಿನ ಜೊತೆಗೇ ಹೋಗುತ್ತಾರೆ. ನೀವೂ ಹಾಗೇ ಹೋಗಿ.

ದಾರಿ ಇಷ್ಟು ಸಮತಟ್ಟಾಗಿರಲು ಒಂದು ಹಳೇ ಕಾರಣವಿದೆ. ಹಬೆಯ ಹಡಗು ಬರುವ ಮುಂಚೆ ಇಲ್ಲಿ ಸರಕಿನ ದೋಣಿಗಳನ್ನು ಹೊಳೆಗೆ ಎದುರಾಗಿ ಕುದುರೆಗಳು ಎಳೆಯುತ್ತಿದ್ದವು. ದೊಡ್ಡ ದೋಣಿ ಸಾಲಿಗೆ ನಲವತ್ತು ಐವತ್ತು ಕುದುರೆಗಳೂ ಬೇಕಾಗುತ್ತಿದ್ದವು. ಅವು ನಡೆಯಲು ನೀರಿನ ಅಂಚಿಗೇ ದಾರಿ ಮಾಡಿದ್ದರು. 1829ರಲ್ಲಿ ಡ್ಯಾನ್ಯೂಬ್ ಹಬೆ ಹಡಗು ಕಂಪನಿ ಶುರುವಾಯಿತು. ಕುದುರೆಗಳ ಕೆಲಸ ಮೆಲ್ಲಗೆ ಮುಗಿಯಿತು, ದಾರಿ ಉಳಿಯಿತು. ಇವತ್ತು ಸೈಕಲ್ ಓಡುವುದು ಬಹಳ ಕಡೆ ಅದೇ ಜಾಡಿನಲ್ಲಿ. ಭದ್ರಾ ನಾಲೆ ಏರಿ ಮೇಲೆ ಸೈಕಲ್ ಹೊಡೆದ ನಿಮ್ಮ ತಂದೆಗೆ ಇದು ಹೊಸದೆನ್ನಿಸಲಿಕ್ಕಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಹೊಲ, ಮುಂದೆ ನೇರ ದಾರಿ.

ಇನ್ನು ಕಾರುಗಳು. ಪೂರ್ತಿ ದಾರಿಯಲ್ಲಿ ವಾಹನವೇ ಇಲ್ಲ ಎಂದು ಯಾರಾದರೂ ಹೇಳಿದ್ದರೆ ಅದು ನಿಜವಲ್ಲ. ದಾರಿಯ ದೊಡ್ಡ ಪಾಲು ಸೈಕಲ್ಲಿಗೇ ಮೀಸಲು. ಕೆಲವು ಕಡೆ ದಡದ ಮನೆಯವರ ಕಾರು, ತೋಟದ ಟ್ರ್ಯಾಕ್ಟರ್ ಬರುತ್ತವೆ, ಆದರೆ ಮೆಲ್ಲಗೆ ಬರುತ್ತವೆ. ಇನ್ನು ಕೆಲವು ಕಡೆ ಸೈಕಲ್ ದಾರಿ ಬೇರೆಯೇ ಇದ್ದರೂ ಪಕ್ಕದಲ್ಲೇ ಹೆದ್ದಾರಿ ಓಡುತ್ತದೆ. ಅಪಾಯವಿಲ್ಲ, ಸದ್ದು ಮಾತ್ರ ಜಾಸ್ತಿ. ಪಾಸಾವ್ ಬಿಟ್ಟ ಮೊದಲ ಹದಿನೈದು ಇಪ್ಪತ್ತು ಕಿಲೋಮೀಟರ್ ಹಾಗೇ ಇದೆ. ಲಿಂಟ್ಸ್ ಊರಿಗೆ ಮುಂಚಿನ ಹತ್ತು ಕಿಲೋಮೀಟರ್ ಇನ್ನೂ ಬೇಸರ. ಹೆಚ್ಚಿನ ಕಡೆ ನದಿಯ ಎರಡೂ ದಡದಲ್ಲಿ ದಾರಿ ಇರುವುದರಿಂದ, ಯಾವ ಊರಿನಲ್ಲಿ ಯಾವ ದಡಕ್ಕೆ ದಾಟಬೇಕು ಅನ್ನೋದು ಗೊತ್ತಿದ್ದರೆ ಕಾರಿನ ಕಾಟ ಮುಕ್ಕಾಲು ಪಾಲು ತಪ್ಪುತ್ತದೆ. ಕೆಳಗೆ ನಾನು ದಡ ಹೇಳಿಯೇ ಬರೆಯುತ್ತೇನೆ.

ಹೊರಡುವ ಮುಂಚೆ ಸೈಕಲ್ ಬಗ್ಗೆ ಒಂದು ಮಾತು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮವರು ಬಿದ್ದದ್ದನ್ನು ನಾನು ನೋಡಿರುವುದು ದಾರಿಯ ಮೇಲಲ್ಲ, ಮೊದಲ ಐದು ನಿಮಿಷದಲ್ಲಿ, ಅಂಗಡಿ ಎದುರಿಗೇ.

ಇಲ್ಲಿ ಬಾಡಿಗೆಗೆ ಸಿಗುವ ಬಹಳ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಹಿಂದಿನ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ನಮ್ಮ ಅಭ್ಯಾಸ ಏನು ಹೇಳಿ? ನಿಂತಾಗ ಪೆಡಲನ್ನು ಕಾಲಿನಿಂದ ಹಿಂದಕ್ಕೆ ತಿರುಗಿಸಿ ಮೇಲಕ್ಕೆ ತಂದು, ಅದರ ಮೇಲೆ ಕಾಲಿಟ್ಟು ಹತ್ತುವುದು. ಇಳಿಜಾರಿನಲ್ಲಿ ಸುಮ್ನೆ ಹಿಂದಕ್ಕೆ ಪೆಡಲ್ ತಿರುಗಿಸುತ್ತಾ ಹೋಗುವುದು. ಈ ಸೈಕಲ್‌ನಲ್ಲಿ ಹಾಗೆ ಮಾಡಿದರೆ ಪಕ್ಕನೆ ಹಿಡಿದುಕೊಳ್ಳುತ್ತದೆ. ಮೂವತ್ತು ವರ್ಷ ಸೈಕಲ್ ಹೊಡೆದ ನಿಮ್ಮ ತಂದೆಗೇ ಇದರಿಂದ ತೊಂದರೆ ಜಾಸ್ತಿ, ಏಕೆಂದರೆ ಅವರ ಕಾಲು ಯೋಚನೆ ಮಾಡುವ ಮುಂಚೆಯೇ ಕೆಲಸ ಮಾಡಿಬಿಡುತ್ತದೆ. ಜೊತೆಗೆ ಕೈ ಬ್ರೇಕೂ ಅದಲು ಬದಲು. ನಮ್ಮಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಇಲ್ಲಿ ಸಾಮಾನ್ಯವಾಗಿ ಎಡಗೈಯದ್ದು ಮುಂದಿನದಕ್ಕೆ. ಬುಕ್ ಮಾಡುವಾಗಲೇ ‘ಹಿಂದಕ್ಕೆ ತುಳಿಯುವ ಬ್ರೇಕ್ ಇಲ್ಲದ ಸೈಕಲ್ ಕೊಡಿ’ ಎಂದು ಕೇಳಿ. ಕೇಳಿದರೆ ಕೊಡುತ್ತಾರೆ.

ಅಮ್ಮನಿಗೆ ನಡುವಿನ ಕಂಬಿ ಕೆಳಗಿರುವ ಲೇಡೀಸ್ ಸೈಕಲ್ ತೆಗೆದುಕೊಳ್ಳಿ. ಸೀಟನ್ನು ಎರಡೂ ಪಾದ ನೆಲಕ್ಕೆ ಊರುವಷ್ಟು ಇಳಿಸಿಕೊಡಿ. ಮಂಡಿಗೆ ಸೀಟು ಸ್ವಲ್ಪ ಎತ್ತರವಿದ್ದರೆ ಒಳ್ಳೆಯದು, ನಿಜ. ಆದರೆ ಮೊದಲ ದಿನ ಧೈರ್ಯ ಮುಖ್ಯ. ಎರಡನೇ ದಿನ ಎರಡು ಬೆರಳು, ಮೂರನೇ ದಿನ ಇನ್ನೆರಡು ಬೆರಳು ಏರಿಸಿ. ಬ್ಯಾಟರಿ ಸೈಕಲ್ ಕೊಡಿಸಬೇಕೇ ಎಂದು ನೀವು ಮುಂದೆ ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಬೇಡ. ಅದು ಭಾರ, 25 ಕಿಲೋ ಆಸುಪಾಸು. ದೋಣಿಗೆ ಹತ್ತಿಸುವಾಗ, ಇಳಿಸುವಾಗ ಅಮ್ಮನ ಕೈಯಲ್ಲಿ ವಾಲಿದರೆ ಹಿಡಿಯುವುದು ಕಷ್ಟ. ತುಳಿದ ತಕ್ಷಣ ಮುಂದಕ್ಕೆ ಜಿಗಿಯುವುದೂ ಹೊಸಬರಿಗೆ ಹೆದರಿಕೆ ತರುತ್ತದೆ. ಈ ಸಮತಟ್ಟು ದಾರಿಗೆ ಏಳು ಗೇರಿನ ಸಾದಾ ಸೈಕಲ್ ಧಾರಾಳ. ಚೂಡಿದಾರ್ ಆದರೆ ದುಪಟ್ಟಾ ಚೀಲದಲ್ಲಿರಲಿ, ಕಾಲ ಹತ್ತಿರ ಬಟ್ಟೆ ಸಡಿಲವಿದ್ದರೆ ರಬ್ಬರ್ ಬ್ಯಾಂಡ್ ಹಾಕಿ. ಮಗಳಿಗೆ ಹೆಲ್ಮೆಟ್ ಕಡ್ಡಾಯ. ಆಸ್ಟ್ರಿಯಾದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಅದು ಕಾನೂನು. ದೊಡ್ಡವರಿಗೆ ಕಡ್ಡಾಯವಿಲ್ಲ, ಆದರೂ ಎಲ್ಲರೂ ಹಾಕಿಕೊಳ್ಳಿ.

ಮತ್ತೆ, ಇಲ್ಲಿ ಓಡಾಟ ಬಲಗಡೆ. ಕಾರಿನಲ್ಲಿ ಕೂತಾಗ ಅದು ದೊಡ್ಡ ವಿಷಯವಲ್ಲ. ಖಾಲಿ ಸೈಕಲ್ ದಾರಿಯಲ್ಲಿ, ಎದುರಿನಿಂದ ಯಾರೋ ಬಂದಾಗ, ಅಪ್ಪನ ಕೈ ತಾನಾಗಿಯೇ ಎಡಕ್ಕೆ ತಿರುಗುತ್ತದೆ. ಸಾಲಿನಲ್ಲಿ ಮೊದಲು ನಿಮ್ಮ ಯಜಮಾನರು, ಅವರ ಹಿಂದೆ ಮಗಳು, ಆಮೇಲೆ ಅಮ್ಮ, ಅಪ್ಪ, ಕೊನೆಗೆ ನೀವು ಹೋಗಿ. ಹಿಂದಿನಿಂದ ಬೆಲ್ ಕೇಳಿದರೆ ತಿರುಗಿ ನೋಡದೆ ಬಲಕ್ಕೆ ಒತ್ತಿಕೊಳ್ಳಿ ಎಂದು ಎಲ್ಲರಿಗೂ ಹೇಳಿಡಿ.

ಈಗ ದಾರಿ.

ಮೊದಲ ದಿನ ಮ್ಯೂನಿಕ್‌ನಿಂದ ಪಾಸಾವ್‌ಗೆ ರೈಲು, ಎರಡೂವರೆ ಗಂಟೆ ಆಸುಪಾಸು. ಅವತ್ತು ಸೈಕಲ್ ಹೊಡೆಯಬೇಡಿ. ಸಂಜೆ ಹೊಳೆ ಪಕ್ಕದ ಬಯಲಿನಲ್ಲಿ ಅಮ್ಮ ಅರ್ಧ ಗಂಟೆ ಅಭ್ಯಾಸ ಮಾಡಲಿ, ಅಷ್ಟೇ. ಪಾಸಾವ್‌ನಲ್ಲಿ ಮೂರು ಹೊಳೆಗಳು ಸೇರುತ್ತವೆ. ಆಲ್ಪ್ಸ್‌ನಿಂದ ಬರುವ ಇನ್ ನದಿ ಹಾಲು ಬೆರೆಸಿದ ಹಸಿರು, ಕಾಡಿನಿಂದ ಬರುವ ಇಲ್ಟ್ಸ್ ಕಪ್ಪು, ನಡುವೆ ಡ್ಯಾನ್ಯೂಬ್. ಊರಿನ ತುದಿಯ ಚೂಪು ಮೂಲೆಯಲ್ಲಿ ನಿಂತರೆ ಮೂರು ಬಣ್ಣ ಸ್ವಲ್ಪ ದೂರ ಬೇರೆ ಬೇರೆಯಾಗಿಯೇ ಹರಿಯುವುದು ಕಾಣುತ್ತದೆ. ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವುದನ್ನು ನೋಡಿದವರು ಇಲ್ಲಿ ಬೇಗ ಕದಲುವುದಿಲ್ಲ. ವರ್ಷದ ಸರಾಸರಿ ತೆಗೆದರೆ ಇಲ್ಲಿಗೆ ಡ್ಯಾನ್ಯೂಬ್‌ಗಿಂತ ಇನ್ ನದಿಯೇ ಹೆಚ್ಚು ನೀರು ತರುತ್ತದೆ. ಹೆಸರು ಮಾತ್ರ ಮುಂದಕ್ಕೆ ಡ್ಯಾನ್ಯೂಬ್‌ದೇ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ಪುರಸಭೆಯ ಗೋಪುರದ ಗೋಡೆ ನೋಡಿ. ಪ್ರವಾಹ ಬಂದ ವರ್ಷಗಳನ್ನೂ ನೀರು ಎಲ್ಲಿಯವರೆಗೆ ಏರಿತ್ತೆಂಬ ಗೆರೆಗಳನ್ನೂ ಅಲ್ಲಿ ಗುರುತು ಮಾಡಿದ್ದಾರೆ. 2013ರ ಜೂನ್‌ನಲ್ಲಿ ನೀರು 12.89 ಮೀಟರ್ ಮುಟ್ಟಿತ್ತು, 1501ರ ನಂತರ ಅಷ್ಟು ಎತ್ತರ ಬಂದಿರಲಿಲ್ಲ. ಮಗಳನ್ನು ಗೋಡೆ ಪಕ್ಕ ನಿಲ್ಲಿಸಿ ಆ ಗೆರೆ ತೋರಿಸಿ. ಮೆಲ್ಲಗೆ ಹರಿಯುವ ಈ ಹೊಳೆ ಏನು ಮಾಡಬಲ್ಲದು ಎಂಬುದು ಅವಳಿಗೆ ತಾನಾಗಿಯೇ ಗೊತ್ತಾಗುತ್ತದೆ. ದೊಡ್ಡ ಚರ್ಚಿನಲ್ಲಿ ಸುಮಾರು 18,000 ಕೊಳವೆಗಳ ಆರ್ಗನ್ ವಾದ್ಯ ಇದೆ. ಹೊತ್ತಿದ್ದರೆ ಹೋಗಿ ಬನ್ನಿ.

ಎರಡನೇ ದಿನ ಪಾಸಾವ್‌ನಿಂದ ಎಂಗೆಲ್‌ಹಾರ್ಟ್ಸ್‌ಸೆಲ್‌ವರೆಗೆ, 25 ಕಿ.ಮೀ. ಉತ್ತರ ದಡ ಹಿಡಿಯಿರಿ. ಮೊದಲು ಪಕ್ಕದಲ್ಲಿ ರಸ್ತೆ ಇರುತ್ತದೆ, ತಾಳ್ಮೆ ಇರಲಿ. ಯೋಖನ್‌ಸ್ಟೈನ್ ಎಂಬಲ್ಲಿ ಹೊಳೆಗೆ ಅಡ್ಡಲಾಗಿ ವಿದ್ಯುತ್ ಅಣೆಕಟ್ಟಿದೆ. ಅದರ ಮೇಲೆ ಸೈಕಲ್ ಹಿಡಿದು ದಾಟಬಹುದು. ಈ ತುದಿ ಜರ್ಮನಿ, ಆ ತುದಿ ಆಸ್ಟ್ರಿಯಾ. ಅಮ್ಮನಿಗೆ ‘ನಡೆದುಕೊಂಡು ದೇಶ ದಾಟಿದೆ’ ಎಂದು ಊರಿಗೆ ಫೋನ್ ಮಾಡಿ ಹೇಳಲು ಇದು ಒಳ್ಳೇ ಜಾಗ. ಕೆಳಗೆ ಹಡಗುಗಳು ನೀರಿನ ತೊಟ್ಟಿಯೊಳಗೆ ನಿಂತು ಮೆಲ್ಲಗೆ ಇಳಿಯುವುದನ್ನು ನೋಡಲು ಸಿಕ್ಕರೆ ಕಾದು ನೋಡಿ.

ಮೂರನೇ ದಿನ ದೂರ ಕಡಿಮೆ, 17-18 ಕಿ.ಮೀ. ಅಷ್ಟೇ. ಆದರೆ ಇಡೀ ದಾರಿಯಲ್ಲಿ ಶಾಂತ ಭಾಗ ಇದೇ. ಎಂಗೆಲ್‌ಹಾರ್ಟ್ಸ್‌ಸೆಲ್‌ನಿಂದ ಸೈಕಲ್ ದೋಣಿಯಲ್ಲಿ ಮತ್ತೆ ಉತ್ತರ ದಡಕ್ಕೆ ದಾಟಿ. ಕಾಡು ನೀರಿನವರೆಗೂ ಇಳಿದು ಬಂದಿದೆ. ನೆರಳೇ ನೆರಳು. ನೀರಿನ ಸದ್ದು, ಎದುರು ದಡದಲ್ಲಿ ಯಾವುದೋ ನಾಯಿ ಬೊಗಳಿದ್ದು, ಚಕ್ರದ ಕೆಳಗೆ ಸಣ್ಣ ಕಲ್ಲು ಸಿಡಿದದ್ದು, ಇಷ್ಟೇ ಕೇಳುವುದು. ಕೊನೆಗೆ ‘ಆವ್’ ಎಂಬ ಪುಟ್ಟ ಹಳ್ಳಿ ಬರುತ್ತದೆ. ಅಲ್ಲಿ ದಡದ ದಾರಿ ನಿಂತೇ ಹೋಗುತ್ತದೆ. ಮುಂದೆ ಬಂಡೆ ಮತ್ತು ನೀರು. ದೋಣಿ ಬೇಕೇ ಬೇಕು.

ನನಗೆ ಒಮ್ಮೆ ಇಲ್ಲಿ ಕೆಟ್ಟ ಅನುಭವವಾಗಿತ್ತು. ಆರು ಜನರನ್ನು ಕರೆದುಕೊಂಡು ಬಂದಿದ್ದೆ. ಎಲ್ಲರೂ ಅರವತ್ತು ದಾಟಿದವರು. ದಾರಿಯಲ್ಲಿ ಊಟಕ್ಕೆ, ಫೋಟೋಗೆ ಎಂದು ನಿಂತು ನಿಂತು ಬಂದೆವು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ನಾನು ಬೆಳಿಗ್ಗೆ ನೋಡಿಕೊಂಡಿರಲಿಲ್ಲ. ದಡಕ್ಕೆ ಬಂದಾಗ ದೋಣಿ ಆಚೆ ಕಟ್ಟಿ ಹಾಕಿತ್ತು. ನಾವು ಉಳಿಯಬೇಕಾದ ಮನೆಯ ದೀಪ ಎದುರಿಗೇ ಕಾಣುತ್ತಿತ್ತು. ಸೇತುವೆ ಹುಡುಕಿ ಹಿಂದಕ್ಕೆ ನೀಡರ್‌ರಾನಾ ಊರಿನವರೆಗೆ ಹೋಗಿ, ಆ ದಡದಲ್ಲಿ ಮತ್ತೆ ಅಷ್ಟೇ ದೂರ ಬರುವಷ್ಟರಲ್ಲಿ ಕತ್ತಲಾಗಿತ್ತು. ಒಬ್ಬ ತಾಯಿಗೆ ಕಣ್ಣಲ್ಲಿ ನೀರು ಬಂದಿತ್ತು. ತಪ್ಪು ಪೂರ್ತಿ ನನ್ನದೇ. ಅವತ್ತಿನಿಂದ ಪ್ರತಿ ಬೆಳಿಗ್ಗೆ ತಿಂಡಿಗೆ ಕೂರುವ ಮುಂಚೆ ಅವತ್ತಿನ ದೋಣಿಯ ಕೊನೆಯ ಹೊತ್ತನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕುತ್ತೇನೆ. ನೀವೂ ಹಾಗೇ ಮಾಡಿ. ದೋಣಿಯ ಹೊತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ನೀರು ಜಾಸ್ತಿ ಇದ್ದರೆ ದೋಣಿಯೇ ಇರುವುದಿಲ್ಲ.

ಆವ್‌ನಿಂದ ದಾಟಿದರೆ ಶ್ಲೋಗೆನ್. ಇಲ್ಲಿ ಡ್ಯಾನ್ಯೂಬ್ ಗಟ್ಟಿ ಬಂಡೆಯ ಬೆಟ್ಟಕ್ಕೆ ಸಿಕ್ಕಿ, ಬಂದ ದಿಕ್ಕಿಗೇ ವಾಪಸ್ ತಿರುಗಿ ದೊಡ್ಡ ಕುಣಿಕೆ ಹಾಕಿಕೊಂಡು ಹೋಗುತ್ತದೆ. ಅದನ್ನು ಮೇಲಿನಿಂದ ನೋಡಬೇಕಾದರೆ ಕಾಡಿನೊಳಗೆ ಸುಮಾರು ಅರ್ಧ ಗಂಟೆ ಹತ್ತಬೇಕು. ಅಮ್ಮನಿಗೆ ಬೇಡ. ಅವರು ದಡದ ಬೆಂಚಿನ ಮೇಲೆ ಕೂರಲಿ, ಉಳಿದವರು ಸರದಿಯಲ್ಲಿ ಹೋಗಿ ಬನ್ನಿ. ಇಲ್ಲೇ ರಾತ್ರಿ ಉಳಿಯಿರಿ. ಹಗಲಿನ ಸೈಕಲ್ ಜನ ಹೋದ ಮೇಲೆ ಈ ಜಾಗ ಬೇರೆಯೇ ಆಗುತ್ತದೆ.

ನಾಲ್ಕನೇ ದಿನ ಉದ್ದ, 40 ಕಿ.ಮೀ. ಹತ್ತಿರ. ಈಗ ದಕ್ಷಿಣ ದಡ. ಇನ್‌ಟ್ಸೆಲ್ ಎಂಬ ಹಳ್ಳಿ ದಾಟಿ ಆಶಾಹ್ ಊರಿನವರೆಗೆ 24 ಕಿ.ಮೀ. ಹೊಳೆಗೆ ಅಂಟಿಕೊಂಡೇ ಹೋಗುತ್ತೀರಿ. ಆಶಾಹ್ ಆದ ಮೇಲೆ ಬೆಟ್ಟಗಳು ತಟ್ಟನೆ ಹಿಂದೆ ಸರಿದು, ಎಲೆಕೋಸು, ಸೌತೆ, ಸೊಪ್ಪಿನ ಹೊಲಗಳ ಬಯಲು ಬರುತ್ತದೆ. ಆಸ್ಟ್ರಿಯಾದ ಈ ಭಾಗಕ್ಕೆ ತರಕಾರಿ ಇಲ್ಲಿಂದಲೇ. ಅಮ್ಮನಿಗೆ ಸಾಕೆನಿಸಿದರೆ ಹತ್ತಿರದ ಎಫರ್ಡಿಂಗ್‌ನಿಂದ ಲಿಂಟ್ಸ್‌ಗೆ ಲೋಕಲ್ ರೈಲು ಇದೆ. ಅವರ ಜೊತೆ ಒಬ್ಬರು ಹೋಗಬಹುದು. ಸಾಕೆನಿಸದಿದ್ದರೆ ವಿಲ್ಹೆರಿಂಗ್‌ವರೆಗೆ ಬನ್ನಿ. ಅಲ್ಲಿಂದ ಎದುರು ದಡದ ಓಟನ್ಸ್‌ಹೈಮ್‌ಗೆ ಹಗ್ಗದ ದೋಣಿ.

ಈ ದೋಣಿಯ ಬಗ್ಗೆ ಬಿಡಿಸಿ ಹೇಳಲೇಬೇಕು. ಇದಕ್ಕೆ ಮೋಟಾರ್ ಇಲ್ಲ. ಹೊಳೆಯ ಮೇಲೆ ದಡದಿಂದ ದಡಕ್ಕೆ ಎತ್ತರದಲ್ಲಿ ದಪ್ಪ ತಂತಿ ಬಿಗಿದಿದ್ದಾರೆ. ತಂತಿಯ ಮೇಲೆ ಗಾಲಿ. ಗಾಲಿಯಿಂದ ದೋಣಿಗೆ ಹಗ್ಗ. ದೋಣಿಯವರು ದೋಣಿಯನ್ನು ಹರಿವಿಗೆ ಸ್ವಲ್ಪ ಓರೆಯಾಗಿ ತಿರುಗಿಸುತ್ತಾರೆ. ನೀರು ಆ ಓರೆ ಮೈಗೆ ಬಡಿಯುತ್ತದೆ. ಹಗ್ಗ ಹಿಡಿದಿರುವುದರಿಂದ ದೋಣಿ ಕೊಚ್ಚಿ ಹೋಗಲಾರದು, ಹಾಗಾಗಿ ಪಕ್ಕಕ್ಕೆ ಸರಿಯುತ್ತದೆ. ಗಾಳಿಪಟದ ದಾರ ಹಿಡಿದು ನಿಂತಾಗ ಪಟ ಪಕ್ಕಕ್ಕೆ ಜಾರುತ್ತದಲ್ವಾ, ಅದೇ ಲೆಕ್ಕ. ವಾಪಸ್ ಬರಲು ಓರೆಯನ್ನು ಆಚೆ ಕಡೆಗೆ ಮಾಡಿದರಾಯಿತು. ಕಾರು, ಸೈಕಲ್, ಜನ ಎಲ್ಲವನ್ನೂ ಬರೀ ಹರಿವಿನ ಬಲದಿಂದ ದಾಟಿಸುತ್ತಾರೆ. ಹತ್ತಿ ನಿಂತಾಗ ಎಂಜಿನ್ ಸದ್ದಿಗಾಗಿ ಕಾಯುತ್ತೀರಿ. ಅದು ಬರುವುದೇ ಇಲ್ಲ. ಮೇಲೆ ಗಾಲಿ ಉರುಳುವ ಕಿರ್ರೆನ್ನುವ ಸದ್ದು, ಕೆಳಗೆ ನೀರಿನ ಗುಳುಗುಳು, ಅಷ್ಟರಲ್ಲಿ ದಡ ಬಂದಿರುತ್ತದೆ. ನಿಮ್ಮ ತಂದೆ ಮೊಮ್ಮಗಳಿಗೆ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಇದನ್ನು ವಿವರಿಸುವುದು ನನ್ನ ಕಣ್ಣಿಗೆ ಈಗಲೇ ಕಾಣುತ್ತಿದೆ.

ಓಟನ್ಸ್‌ಹೈಮ್‌ನಿಂದ ಲಿಂಟ್ಸ್ ಹತ್ತು ಕಿಲೋಮೀಟರ್. ನಾನು ಮೊದಲೇ ಹೇಳಿದ ಬೇಸರದ ಭಾಗ ಇದು, ಪಕ್ಕದಲ್ಲೇ ಹೆದ್ದಾರಿ. ಸೈಕಲ್ ಸಮೇತ ರೈಲು ಹತ್ತಿ ಲಿಂಟ್ಸ್ ಸೇರಿ.

ಲಿಂಟ್ಸ್‌ನಲ್ಲಿ ಒಂದು ಕಥೆ ಮೇಷ್ಟ್ರಿಗಾಗಿ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ 1612ರಿಂದ 1626ರವರೆಗೆ ಈ ಊರಿನಲ್ಲಿದ್ದರು. 1613ರಲ್ಲಿ ಅವರು ಎರಡನೇ ಮದುವೆಯಾದರು. ಆ ಸಮಯದಲ್ಲಿ ಮನೆಗೆ ವೈನ್ ಪೀಪಾಯಿ ತರಿಸಿದರು. ವ್ಯಾಪಾರಿ ಬಂದು ಪೀಪಾಯಿಯ ತೂತಿನಿಂದ ಒಂದು ಕೋಲನ್ನು ಓರೆಯಾಗಿ ಇಳಿಸಿ, ಅದು ಎಷ್ಟು ನೆನೆಯಿತೆಂದು ನೋಡಿ, ಬೆಲೆ ಹೇಳಿಬಿಟ್ಟ. ಪೀಪಾಯಿಯ ಆಕಾರ ಬೇರೆ ಬೇರೆ ಇದ್ದರೂ ಅದೇ ಕೋಲು, ಅದೇ ಅಳತೆ. ಇದು ಸರಿ ಹೇಗಾಗುತ್ತದೆ ಎಂದು ಕೆಪ್ಲರ್ ತಲೆಗೆ ಹೊಕ್ಕಿತು. ಪೀಪಾಯಿಯನ್ನು ತೆಳು ತೆಳು ಬಿಲ್ಲೆಗಳಾಗಿ ಯೋಚಿಸಿ ಲೆಕ್ಕ ಹಾಕಿದರು. 1615ರಲ್ಲಿ ಅದರ ಮೇಲೆ ಪುಸ್ತಕವೇ ಬಂತು. ಇವತ್ತು ಪಿಯುಸಿ ಮಕ್ಕಳು ಇಂಟಿಗ್ರೇಶನ್ ಎಂದು ಕಲಿಯುವುದರ ಹಿಂದಿನ ಹೆಜ್ಜೆಗಳಲ್ಲಿ ಅದೂ ಒಂದು. ಅವರ ಮೂರನೇ ಗ್ರಹ ನಿಯಮ ಹುಟ್ಟಿದ್ದೂ ಇದೇ ಊರಿನಲ್ಲಿ, 1618ರಲ್ಲಿ.

ಲಿಂಟ್ಸ್‌ನಿಂದ ಮೆಲ್ಕ್‌ವರೆಗೆ ಸುಮಾರು 110 ಕಿ.ಮೀ. ಅದನ್ನು ಐದನೇ ದಿನ ರೈಲಿನಲ್ಲಿ ದಾಟಿ. ಕೆಟ್ಟ ಭಾಗವಲ್ಲ. ಗ್ರೈನ್ ಊರಿನಲ್ಲಿ 1791ರ ಪುಟ್ಟ ರಂಗಮಂದಿರವಿದೆ, ಬೀಗ ಹಾಕುವ ಕುರ್ಚಿಗಳಿರುವಂಥದ್ದು. ಚೆಂದದ ಊರು. ಆದರೆ ನಿಮ್ಮ ಏಳು ದಿನಕ್ಕೆ ಏನಾದರೂ ಬಿಡಲೇಬೇಕು.

ದಾರಿಯಲ್ಲಿ ಮೌಟ್‌ಹೌಸನ್ ಕೂಡ ಬರುತ್ತದೆ. 1938ರಿಂದ 1945ರವರೆಗೆ ನಾಜಿಗಳು ಇಲ್ಲಿ ಸೆರೆ ಶಿಬಿರ ನಡೆಸಿದರು. ಸುಮಾರು 1,90,000 ಜನರನ್ನು ತಂದು ಕೂಡಿಹಾಕಿದ್ದರು. ಕನಿಷ್ಠ 90,000 ಜನ ಸತ್ತರು. ಕಲ್ಲು ಕ್ವಾರಿಯಿಂದ ಬಂಡೆ ಹೊತ್ತು 186 ಮೆಟ್ಟಿಲು ಹತ್ತಿಸುತ್ತಿದ್ದರು. ಆ ಮೆಟ್ಟಿಲುಗಳು ಇವತ್ತಿಗೂ ಇವೆ. ದೊಡ್ಡವರು ಒಮ್ಮೆ ನೋಡಲೇಬೇಕಾದ ಜಾಗ ಎಂದು ನಾನು ನಂಬುತ್ತೇನೆ. ಆದರೆ ಎಂಟು ವರ್ಷದ ಮಗುವಿನ ಜೊತೆ ಬೇಡ, ರಜೆಯ ನಡುವೆ ಎರಡು ಗಂಟೆ ಬಿಡುವು ಮಾಡಿಕೊಂಡೂ ಬೇಡ. ಬೇರೆ ಸಲ, ಅದಕ್ಕೆಂದೇ ಬನ್ನಿ.

ಐದು ಸೈಕಲ್, ಸಾಮಾನು, ವಯಸ್ಸಾದವರು ಎಲ್ಲ ಸೇರಿ ರೈಲು ಬದಲಿಸುವುದು ಸುಸ್ತು. ಹಾಗಾಗಿ ಎರಡು ಸಲ ಬಾಡಿಗೆ ಮಾಡುವುದು ಒಳ್ಳೆಯದು: ಪಾಸಾವ್‌ನಲ್ಲಿ ತೆಗೆದುಕೊಂಡು ಲಿಂಟ್ಸ್‌ನಲ್ಲಿ ಒಪ್ಪಿಸುವುದು, ಮೆಲ್ಕ್‌ನಲ್ಲಿ ತೆಗೆದುಕೊಂಡು ಕ್ರೆಮ್ಸ್‌ನಲ್ಲಿ ಒಪ್ಪಿಸುವುದು. ಬುಕ್ ಮಾಡುವಾಗಲೇ ಇದನ್ನು ಕೇಳಿ, ಬರಹದಲ್ಲಿ ಪಡೆದುಕೊಳ್ಳಿ. ಒಂದೇ ಬಾಡಿಗೆ ಸಾಕು ಎನ್ನುವುದಾದರೆ ದೂರದ ರೈಲುಗಳಲ್ಲಿ ಸೈಕಲ್‌ಗೂ ಮೊದಲೇ ಜಾಗ ಕಾಯ್ದಿರಿಸಬೇಕು. ಚೀಲಗಳನ್ನು ಒಂದು ಹೋಟೆಲ್‌ನಿಂದ ಮುಂದಿನ ಹೋಟೆಲ್‌ಗೆ ವ್ಯಾನಿನಲ್ಲಿ ತಲುಪಿಸುವ ಸೇವೆ ಈ ದಾರಿಯಲ್ಲಿ ಸಾಮಾನ್ಯ. ದುಡ್ಡು ಉಳಿಸಲು ಅದನ್ನು ಬಿಡಬೇಡಿ.

ಐದನೇ ದಿನ ಮಧ್ಯಾಹ್ನದಿಂದ ಸಂಜೆವರೆಗೆ ಮೆಲ್ಕ್ ಮಠ. 1089ರಿಂದ ಅಲ್ಲಿ ಬೆನೆಡಿಕ್ಟ್ ಪಂಥದ ಸನ್ಯಾಸಿಗಳಿದ್ದಾರೆ. ಈಗ ಕಾಣುವ ಹಳದಿ ಕಟ್ಟಡ 1702ರಲ್ಲಿ ಶುರುವಾಗಿ 1736ರಲ್ಲಿ ಮುಗಿದದ್ದು. ಬಂಗಾರದ ಅಲಂಕಾರಕ್ಕಿಂತ ನನಗೆ ಇಷ್ಟವಾದದ್ದು ಪುಸ್ತಕ ಭಂಡಾರ. ಸುಮಾರು ಒಂದು ಲಕ್ಷ ಪುಸ್ತಕ, ಅದರಲ್ಲಿ ಕೈಬರಹದವೂ ಇವೆ.

ಆರನೇ, ಏಳನೇ ದಿನ ವಾಖಾವ್ ಕಣಿವೆ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ 36 ಕಿ.ಮೀ. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಬಲಿಷ್ಠರು ಇದನ್ನು ಎರಡೂವರೆ ಗಂಟೆಯಲ್ಲಿ ಮುಗಿಸುತ್ತಾರೆ. ನೀವು ಎರಡು ದಿನ ತೆಗೆದುಕೊಳ್ಳಿ. ಈ ಭಾಗದಲ್ಲಿ ಅಣೆಕಟ್ಟು ಇಲ್ಲ, ಹೊಳೆ ತನ್ನ ಪಾಡಿಗೆ ಹರಿಯುತ್ತದೆ. ಇಲ್ಲೂ ಕಟ್ಟಬೇಕೆಂದು ಹೊರಟಾಗ ಊರಿನವರು ಎದುರು ನಿಂತು ಉಳಿಸಿಕೊಂಡರು. ನೀರಿನ ಬಣ್ಣ, ಮರಳಿನ ದಂಡೆ, ಹರಿವಿನ ಚುರುಕು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಹೆಚ್ಚಿನ ಜನ ಉತ್ತರ ದಡ ಹಿಡಿಯುತ್ತಾರೆ, ಏಕೆಂದರೆ ಹೆಸರಾದ ಊರುಗಳೆಲ್ಲ ಅಲ್ಲೇ. ಆದರೆ ರಸ್ತೆಯೂ ಅಲ್ಲೇ. ನನ್ನ ಸಲಹೆ: ಆರನೇ ದಿನ ದಕ್ಷಿಣ ದಡದಲ್ಲಿ ಆರ್ನ್ಸ್‌ಡೋರ್ಫ್‌ವರೆಗೆ, ಸುಮಾರು 18 ಕಿ.ಮೀ. ಅತ್ತ ಏಪ್ರಿಕಾಟ್ ತೋಟಗಳು. ಇಲ್ಲಿನವರು ಅದನ್ನು ‘ಮರಿಲ್ಲೆ’ ಎನ್ನುತ್ತಾರೆ. ಹಣ್ಣು ಜುಲೈನಲ್ಲಿ ಮಾಗುತ್ತದೆ. ಜೂನ್‌ನಲ್ಲಿ ನಿಮಗೆ ಜಾಮ್, ಜ್ಯೂಸ್ ಸಿಗುತ್ತದೆ ಅಷ್ಟೇ. ತಂದೆ ತಾಯಿಯ ಟಿಕೆಟ್ ಇನ್ನೂ ಆಗಿಲ್ಲವಾದರೆ ಜುಲೈ ಎರಡನೇ ವಾರದ ನಂತರ ಇಟ್ಟುಕೊಳ್ಳಿ. ದಾರಿ ಬದಿಯ ಗಾಡಿಯಲ್ಲಿ ಮರದಿಂದ ಆಗತಾನೇ ಇಳಿಸಿದ ಹಣ್ಣು ತಿಂದವರು ಅಂಗಡಿಯ ಏಪ್ರಿಕಾಟನ್ನು ಮತ್ತೆ ಕೊಳ್ಳಲಾರರು. ಜೂನ್ 21ರ ಆಸುಪಾಸಿನ ಶನಿವಾರ ಮಾತ್ರ ನೋಡಿಕೊಳ್ಳಿ. ಅವತ್ತು ಕಣಿವೆ ತುಂಬಾ ಬೆಂಕಿ ಹಚ್ಚಿ ಹಬ್ಬ ಮಾಡುತ್ತಾರೆ, ರೂಮು ಸಿಗುವುದು ಕಷ್ಟ.

ಆರ್ನ್ಸ್‌ಡೋರ್ಫ್‌ನಿಂದ ಮತ್ತೊಂದು ಹಗ್ಗದ ದೋಣಿ ನಿಮ್ಮನ್ನು ಶ್ಪಿಟ್ಸ್ ಊರಿಗೆ ದಾಟಿಸುತ್ತದೆ. ಅಲ್ಲೇ ಉಳಿಯಿರಿ. ಶ್ಪಿಟ್ಸ್‌ನಿಂದ ನಾಲ್ಕೈದು ಕಿಲೋಮೀಟರ್ ಹಿಂದೆ ವಿಲ್ಲೆನ್‌ಡೋರ್ಫ್. 1908ರಲ್ಲಿ ರೈಲು ಹಳಿ ಹಾಕುವಾಗ ಅಲ್ಲಿ 11 ಸೆಂ.ಮೀ. ಎತ್ತರದ ಹೆಣ್ಣಿನ ಕಲ್ಲಿನ ಮೂರ್ತಿ ಸಿಕ್ಕಿತು, ಮಾಡಿ 25,000 ವರ್ಷಗಳಿಗೂ ಮೇಲಾಗಿದೆ. ಮೂಲ ಮೂರ್ತಿ ವಿಯೆನ್ನಾ ಮ್ಯೂಸಿಯಂನಲ್ಲಿದೆ. ಹಾಗಾಗಿ ಸಂಜೆ ಕಾಲು ಚುರುಕಾಗಿದ್ದವರು ಮಾತ್ರ ಹೋಗಿ ಬಂದರೆ ಸಾಕು.

ಕೊನೆಯ ದಿನ ಉತ್ತರ ದಡದಲ್ಲಿ ಕ್ರೆಮ್ಸ್‌ವರೆಗೆ ಸುಮಾರು 20 ಕಿ.ಮೀ. ದ್ರಾಕ್ಷಿ ತೋಟದ ಕಲ್ಲು ಕಟ್ಟೆಗಳ ನಡುವೆ ಸಣ್ಣ ಸಣ್ಣ ದಿಣ್ಣೆಗಳಿವೆ. ಅಮ್ಮ ಇಳಿದು ತಳ್ಳಲಿ, ಎರಡು ನಿಮಿಷದ ಮಾತು. ಕಟ್ಟೆಗಳನ್ನು ಹತ್ತಿರದಿಂದ ನೋಡಿ. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹಲ್ಲಿಗಳು ಮಲಗಿರುತ್ತವೆ.

ಡ್ಯೂರ್ನ್‌ಸ್ಟೈನ್‌ನಲ್ಲಿ ಮಗಳಿಗೆ ಒಂದು ರಾಜನ ಕಥೆ ಇದೆ. ಇಂಗ್ಲೆಂಡಿನ ರಾಜ ರಿಚರ್ಡ್ ಧರ್ಮಯುದ್ಧದಿಂದ ಮರಳುವಾಗ, 1192ರ ಡಿಸೆಂಬರ್‌ನಲ್ಲಿ, ವಿಯೆನ್ನಾ ಹತ್ತಿರ ಸಿಕ್ಕಿಬಿದ್ದ. ಆಸ್ಟ್ರಿಯಾದ ದೊರೆ ಐದನೇ ಲಿಯೋಪೋಲ್ಡ್ ಅವನ ಮೇಲೆ ಹಳೇ ಸಿಟ್ಟಿನಲ್ಲಿದ್ದ. ಆ ಯುದ್ಧದಲ್ಲಿ ಗೆದ್ದ ಆಕ್ರೆ ಕೋಟೆಯಲ್ಲಿ ತನ್ನ ಬಾವುಟವನ್ನು ಕಿತ್ತೆಸೆದರೆಂಬ ಸಿಟ್ಟು ಅದು. ರಿಚರ್ಡ್‌ನನ್ನು ಈ ಊರಿನ ಮೇಲಿನ ಕೋಟೆಯಲ್ಲಿಟ್ಟರು. ಬಿಡಿಸಲು ಇಂಗ್ಲೆಂಡ್ ರಾಶಿ ರಾಶಿ ಬೆಳ್ಳಿ ತೆರಬೇಕಾಯಿತು. ಆಸ್ಟ್ರಿಯಾಕ್ಕೆ ಬಂದ ಪಾಲಿನಲ್ಲಿ ವಿಯೆನ್ನಾದ ಕೋಟೆ ಗೋಡೆ ಬೆಳೆಯಿತು, ವೀನರ್ ನೊಯ್‌ಸ್ಟಾಟ್ ಎಂಬ ಹೊಸ ಊರೇ ಎದ್ದಿತು. ಕೋಟೆ ಈಗ ಪಾಳು. 1645ರಲ್ಲಿ ಸ್ವೀಡನ್ ಸೈನ್ಯ ಕೆಡವಿತು. ಹತ್ತಲು ಅರ್ಧ ಗಂಟೆಯ ಕಡಿದಾದ ದಾರಿ. ಇಲ್ಲೂ ಅಮ್ಮ ಕೆಳಗೇ, ನೀಲಿ ಗೋಪುರದ ಚರ್ಚಿನ ಪಕ್ಕ.

ಊಟದ ವಿಷಯ ನೀವು ಕೇಳಿಲ್ಲ. ಆದರೆ ತಂದೆ ತಾಯಿ ಸಸ್ಯಾಹಾರಿಗಳಾಗಿದ್ದರೆ ಇದು ಬೇಕಾಗುತ್ತದೆ. ತರಕಾರಿ ಸೂಪ್ ಎಂದರೂ ಅದಕ್ಕೆ ಮಾಂಸ ಬೇಯಿಸಿದ ನೀರು ಹಾಕಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಸಿಹಿ ತಿಂಡಿಗಳಲ್ಲಿ ಹೆಚ್ಚಿನವಕ್ಕೆ ಮೊಟ್ಟೆ ಇದೆ. ನಮ್ಮ ಕಡುಬಿನ ಹಾಗೆ ಒಳಗೆ ಇಡೀ ಏಪ್ರಿಕಾಟ್ ಇಟ್ಟು ಮಾಡುವ ಉಂಡೆಗೂ ಮೊಟ್ಟೆ ಹಾಕುತ್ತಾರೋ ಇಲ್ಲವೋ ಕೇಳಿ. ಬ್ರೆಡ್, ಬೆಣ್ಣೆ, ಚೀಸ್, ಆಲೂಗಡ್ಡೆ, ಸಲಾಡ್ ಎಲ್ಲ ಕಡೆ ಸಿಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಣ್ಣು ಮೊಸರು ಕೊಂಡಿಡಿ. ಅವಲಕ್ಕಿ, ಚಟ್ನಿಪುಡಿ, ಮಂಡಕ್ಕಿ ಜೊತೆಗಿರಲಿ. ಹರಿಹರದವರಿಗೆ ಮಂಡಕ್ಕಿ ನಾನು ಹೇಳಿಕೊಡಬೇಕೇ? ಮಧ್ಯಾಹ್ನ ಹೊಳೆ ಪಕ್ಕ ಬಟ್ಟೆ ಹಾಸಿ, ಸ್ಥಳೀಯ ಸೌತೆಕಾಯಿ ಹೆಚ್ಚಿ, ಮಂಡಕ್ಕಿ ಕಲಸಿಕೊಳ್ಳಿ. ನಲ್ಲಿ ನೀರು ಎಲ್ಲ ಕಡೆ ಕುಡಿಯಬಹುದು.

ಮಳೆ ಒಂದು ದಿನ ಬಂದೇ ಬರುತ್ತದೆ. ಅವತ್ತು ಹಟ ಬೇಡ. ವಾಖಾವ್‌ನಲ್ಲಾದರೆ ಸೈಕಲ್ ಹತ್ತಿಸಿಕೊಳ್ಳುವ ಹಡಗುಗಳಿವೆ. ಮೆಲ್ಕ್‌ನಿಂದ ಕ್ರೆಮ್ಸ್‌ಗೆ ಹೊಳೆಯ ಜೊತೆ ಎರಡು ಗಂಟೆಯೂ ಆಗುವುದಿಲ್ಲ. ಮೇಲಿನ ಭಾಗದಲ್ಲಿ ಮೂರು ದಿನ ಜೋರು ಮಳೆ ಎಂದಿದ್ದರೆ ಹೊರಡುವುದನ್ನೇ ಮುಂದೂಡಿ. ಪಾಸಾವ್ ಗೋಡೆಯ ಆ ಗೆರೆ 2013ರ ಜೂನ್‌ನದ್ದೇ.

ಕ್ರೆಮ್ಸ್‌ನಲ್ಲಿ ಸೈಕಲ್ ಒಪ್ಪಿಸಿ, ವಿಯೆನ್ನಾಕ್ಕೆ ರೈಲು ಹತ್ತಿ. ಅಪ್ಪನಿಗೆ ಇನ್ನೂ ತುಳಿಯುವ ಆಸೆ ಇದ್ದರೆ ಮರುದಿನ ನೀವಿಬ್ಬರೇ ಕ್ರೆಮ್ಸ್‌ನಿಂದ ಟುಲ್ನ್‌ವರೆಗೆ 45 ಕಿ.ಮೀ. ಹೋಗಬಹುದು, ಉಳಿದವರು ರೈಲಿನಲ್ಲಿ ಬಂದು ಅಲ್ಲಿ ಸೇರಲಿ. ಇದು ಅಂಗೈಯಷ್ಟು ಸಮತಟ್ಟು. ನಡುವೆ ಟ್ಸ್ವೆಂಟೆನ್‌ಡೋರ್ಫ್ ಎಂಬಲ್ಲಿ ಒಂದು ಅಣು ವಿದ್ಯುತ್ ಸ್ಥಾವರ ದಾರಿಯ ಪಕ್ಕದಲ್ಲೇ ನಿಂತಿದೆ. ಪೂರ್ತಿ ಕಟ್ಟಿ ಮುಗಿಸಿದ್ದರು. 1978ರ ನವೆಂಬರ್ 5ರಂದು ದೇಶದ ಜನ ಮತ ಹಾಕಿದರು. ಶೇ. 50.5ರಷ್ಟು ಜನ ಬೇಡ ಎಂದರು. ಒಂದು ದಿನವೂ ಅದು ಓಡಲಿಲ್ಲ. ಅದರ ಎದುರಿಗೆ ಹುಲ್ಲಿನ ಮೇಲೆ ಕೂತು ನೀರು ಕುಡಿಯುವಾಗ ಮೇಷ್ಟ್ರು ಏನು ಹೇಳಿದರು ಎಂದು ನನಗೆ ಬರೆದು ತಿಳಿಸಿ.